ಹೆಂಡತಿ ಊರು ಜಾವಾದ ಹಳ್ಳಿ. ಅಲ್ಲಿ ಗದ್ದೆ ಕೊಳ್ಳಬಹುದಾ?

ತೀರ್ಥಹಳ್ಳಿ ಹುಡುಗ
ಎಲ್ಲರಿಗೂ ನಮಸ್ಕಾರ. ನಾನು ಜಕಾರ್ತಾ ಹತ್ತಿರದ ಬಟ್ಟೆ ಮಿಲ್ಲೊಂದರಲ್ಲಿ ಕೆಲಸ ಮಾಡುತ್ತೇನೆ. ಹೆಂಡತಿ ಮಧ್ಯ ಜಾವಾದವಳು. ಊರು ಕ್ಲಾತೆನ್ ಜಿಲ್ಲೆಯ ಒಂದು ಹಳ್ಳಿ, ಯೋಗ್ಯಕರ್ತ ಮತ್ತು ಸೋಲೊ ನಗರಗಳ ನಡುವೆ ಬರುತ್ತದೆ. ಮಾವ ತೀರಿಕೊಂಡ ಮೇಲೆ ಮಕ್ಕಳು ಆಸ್ತಿ ಪಾಲು ಮಾಡಿಕೊಳ್ಳುತ್ತಿದ್ದಾರೆ. ಹಳೇ ಮರದ ಮನೆ (ಲಿಮಾಸಾನ್ ಅಂತಾರೆ) ಮತ್ತು ಹಿತ್ತಲು ಇವಳ ಪಾಲಿಗೆ ಬರುತ್ತದೆ. ಮನೆ ಪಕ್ಕದಲ್ಲೇ ಇವಳ ಚಿಕ್ಕಪ್ಪನ ಗದ್ದೆ ಇದೆ. ಅವರಿಗೆ ಈಗ ದುಡ್ಡು ಬೇಕಂತೆ, ಹೊರಗಿನವರಿಗೆ ಕೊಡುವ ಬದಲು ನೀವೇ ತಗೊಳ್ಳಿ ಅಂತಿದ್ದಾರೆ.

ನನ್ನದು ಭಾರತದ ಪಾಸ್‌ಪೋರ್ಟ್, ಬದಲಾಯಿಸುವ ಯೋಚನೆ ಇಲ್ಲ. ಗದ್ದೆ ಹೆಂಡತಿ ಹೆಸರಲ್ಲಿ ತೆಗೆದುಕೊಂಡರೆ ತೊಂದರೆ ಏನಾದರೂ ಇದೆಯಾ? ಭಾವಮೈದ "ನನ್ನ ಹೆಸರಲ್ಲಿ ಮಾಡಿಸಿ, ಯಾರೂ ಕೇಳಲ್ಲ" ಅಂತಾನೆ. ಮುಂದೆ ಅಲ್ಲೇ ಹೋಗಿ ಇರುವ ಆಸೆಯೂ ಇದೆ. ಹಬ್ಬಕ್ಕೆ ಹೋಗಿ ಬರುವುದು ಬೇರೆ, ಇರುವುದು ಬೇರೆ. ಗೊತ್ತಿರುವವರು ಹೇಳಿ.

ಮಂಡ್ಯದ ಗೌಡ
ಮೊದಲು ಅಣ್ಣತಮ್ಮಂದಿರ ಪಾಲು ಕಾಗದದ ಮೇಲೆ ಆಗ್ಲಿ. ಆಮೇಲೆ ಗದ್ದೆ ಮಾತು. ದೇಶ ಯಾವುದಾದ್ರೇನು.

ಕಾಗದಪತ್ರ
ಗೌಡ್ರು ಹೇಳಿದ್ದು ಸರಿ. ನಿಮ್ಮದು ಎರಡು ಬೇರೆ ವಿಷಯ, ಒಂದಕ್ಕೊಂದು ಕಲಸಬೇಡಿ.

ಇಂಡೋನೇಷ್ಯಾದಲ್ಲಿ ಜಮೀನಿನ ಮೂಲ ಕಾನೂನು 1960ರದ್ದು. ಅದರಲ್ಲಿ ಪೂರ್ತಿ ಒಡೆತನಕ್ಕೆ ಹಕ್ ಮಿಲಿಕ್ ಅಂತಾರೆ. ಅದು ಅವರ ಪ್ರಜೆಗಳಿಗೆ ಮಾತ್ರ. ವಿದೇಶಿಯರಿಗೆ ಹಕ್ ಪಾಕೈ, ಅಂದರೆ ಬಳಸುವ ಹಕ್ಕು. ಮೊದಲು 30 ವರ್ಷ, ಮತ್ತೆ 20, ಮತ್ತೆ 30. ಆದರೆ ವಿದೇಶಿಯರು ಕೊಳ್ಳುವ ಮನೆಗೆ ಸರ್ಕಾರ ಕನಿಷ್ಠ ಬೆಲೆ ಕಟ್ಟಿದೆ. ನಿಮ್ಮ ಹಳ್ಳಿ ಮನೆ ಅದರ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ಅದನ್ನು ಮರೆತುಬಿಡಿ.

ಈಗ ಹೆಂಡತಿ ವಿಷಯ. 1974ರ ಮದುವೆ ಕಾನೂನಿನ ಪ್ರಕಾರ ಮದುವೆಯಾದ ಮೇಲೆ ಗಳಿಸಿದ್ದೆಲ್ಲ ಇಬ್ಬರ ಆಸ್ತಿ. ತವರಿಂದ ಪಿತ್ರಾರ್ಜಿತವಾಗಿ ಬಂದದ್ದು ಮಾತ್ರ ಅವರೊಬ್ಬರದೇ. ಅಂದರೆ ಮನೆ, ಹಿತ್ತಲು ನಿರಾತಂಕ. ಗದ್ದೆ ಹಾಗಲ್ಲ. ಅದು ದುಡ್ಡು ಕೊಟ್ಟು ಕೊಳ್ಳುವುದು, ಅರ್ಧ ನಿಮ್ಮದಾಗುತ್ತದೆ. ನಿಮಗೆ ಹಕ್ ಮಿಲಿಕ್ ಇಲ್ಲ. ಆದ್ದರಿಂದ ಸರಿಯಾದ ನೋಟರಿ ಆದರೆ ಮಾಡಿಕೊಡಲು ಒಪ್ಪುವುದೇ ಇಲ್ಲ. ಮದುವೆಗೆ ಮುಂಚೆ ಆಸ್ತಿ ಬೇರೆ ಬೇರೆ ಅಂತ ಕರಾರು ಮಾಡಿಕೊಂಡಿದ್ದೀರಾ?

ತೀರ್ಥಹಳ್ಳಿ ಹುಡುಗ
ಇಲ್ಲ ಸರ್. ಮದುವೆ ಹೊತ್ತಲ್ಲಿ ಯಾರೂ ಹೇಳಲಿಲ್ಲ. ಹಾಗಾದರೆ ಬಾಗಿಲು ಮುಚ್ಚಿತಾ?

ಕಾಗದಪತ್ರ
ಇಲ್ಲ, 2016ರಲ್ಲಿ ತೆರೆಯಿತು. ನಿಮ್ಮಂಥದ್ದೇ ಸಂಸಾರದ ಒಬ್ಬ ಹೆಂಗಸು ಅಲ್ಲಿನ ಸಂವಿಧಾನ ನ್ಯಾಯಾಲಯಕ್ಕೆ ಹೋಗಿದ್ದರು. ವಿದೇಶಿಯನ್ನು ಮದುವೆಯಾದೆ ಅನ್ನುವ ಒಂದೇ ಕಾರಣಕ್ಕೆ ನನ್ನದೇ ದೇಶದಲ್ಲಿ ಮನೆ ಕೊಳ್ಳಲು ಆಗುತ್ತಿಲ್ಲ ಅನ್ನುವುದು ಅವರ ದೂರು. ಮದುವೆ ಆದ ಮೇಲೂ ಕರಾರು ಮಾಡಿಕೊಳ್ಳಬಹುದು ಅಂತ ನ್ಯಾಯಾಲಯ ಹೇಳಿತು. ನೋಟರಿ ಹತ್ತಿರ ಬರೆಸಿ, ಮದುವೆ ನೋಂದಾಯಿಸಿದ ಕಚೇರಿಯಲ್ಲಿ ದಾಖಲು ಮಾಡಿಸಿ. ಅದಾದ ಮೇಲೆ ಹೆಂಡತಿ ಎಲ್ಲ ಇಂಡೋನೇಷ್ಯಾದವರ ಹಾಗೆ ಜಮೀನು ಕೊಳ್ಳಬಹುದು. ಒಂದು ನೆನಪಿರಲಿ, ಆಮೇಲೆ ಆ ಗದ್ದೆ ನಿಜಕ್ಕೂ ಅವರದು. ನಿಮ್ಮದಲ್ಲ.

ಸುಮ್ನೆ ಓದುಗ
ಮದುವೆಯಾದ ಗಂಡಸಿನ ಯಾವ ಆಸ್ತಿ ತಾನೇ ನಿಜಕ್ಕೂ ಅವನದು 😄

ಸುರಬಾಯ ಶೆಟ್ರು
ಇಷ್ಟೆಲ್ಲ ತಲೆಬಿಸಿ ಯಾಕೆ? ನಾನು ಈ ದೇಶಕ್ಕೆ ಬಂದು ತುಂಬಾ ವರ್ಷ ಆಯಿತು. ಬಾಲಿಯಲ್ಲಿ ಅರ್ಧ ವಿದೇಶಿಯರು ಬೇರೆಯವರ ಹೆಸರಲ್ಲೇ ಜಾಗ ಇಟ್ಟುಕೊಂಡಿದ್ದಾರೆ. ಭಾವಮೈದ ಸ್ವಂತದವನು. ಅವನ ಹೆಸರಲ್ಲಿ ಕ್ರಯ, ಇವರ ಹೆಸರಲ್ಲಿ ಸಾಲಪತ್ರ. ಮುಗಿಯಿತು. ಇಲ್ಲಿನ ಸರ್ಕಾರಕ್ಕೆ ನಮ್ಮಂಥವರ ದುಡ್ಡು ಬೇಕು, ಜಾಗ ಮಾತ್ರ ಕೊಡಲ್ಲ ಅಂದ್ರೆ ಹೇಗೆ?

ಕಾಗದಪತ್ರ
ಶೆಟ್ರೇ, ಅದೇ 1960ರ ಕಾನೂನಿನ 26ನೇ ಕಲಂ ಓದಿ. ನೇರವಾಗಿಯೋ ಸುತ್ತುಬಳಸಿಯೋ ವಿದೇಶಿಗೆ ಜಮೀನು ಸೇರುವಂತೆ ಮಾಡಿದ ವ್ಯವಹಾರ ಊರ್ಜಿತವಲ್ಲ. ಜಾಗ ಸರ್ಕಾರಕ್ಕೆ ಹೋಗುತ್ತದೆ, ಕೊಟ್ಟ ದುಡ್ಡು ವಾಪಸ್ ಕೇಳುವ ಹಾಗೂ ಇಲ್ಲ. ಭಾವಮೈದ ನಾಳೆ ಸತ್ತರೆ, ಡೈವೋರ್ಸ್ ಆದರೆ, ಬ್ಯಾಂಕಿಗೆ ಅಡವಿಟ್ಟರೆ ಯಾರ ಹತ್ತಿರ ಹೋಗುತ್ತೀರಿ? ಕೋರ್ಟಿಗೆ ಹೋಗಿ "ಕಾನೂನು ತಪ್ಪಿಸಲು ಮಾಡಿದ್ದೆ, ನ್ಯಾಯ ಕೊಡಿ" ಅನ್ನುತ್ತೀರಾ?

ಇನ್ನು ಜಾಗ ಕೊಡಲ್ಲ ಅನ್ನುವ ಮಾತು. ನಾವು ಕೊಡುತ್ತೇವಾ? ಭಾರತದಲ್ಲಿ ವಿದೇಶಿ ಹಾಗಿರಲಿ, ಅನಿವಾಸಿ ಭಾರತೀಯರೂ ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಕರ್ನಾಟಕದಲ್ಲಿ 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆಯುವವರೆಗೆ ಬೆಂಗಳೂರಿನವನೇ ರೈತನಲ್ಲದಿದ್ದರೆ ಹೊಲ ಕೊಳ್ಳಲು ಆಗುತ್ತಿರಲಿಲ್ಲ.

ಸುರಬಾಯ ಶೆಟ್ರು
ಆಗ್ತಿರಲಿಲ್ಲ, ಆದ್ರೂ ಎಲ್ಲರೂ ಕೊಳ್ತಿದ್ರು. ಅದೇ ನಾನು ಹೇಳಿದ್ದು.

ಜಾವಾ ಸೊಸೆ
ನಾನು ಧಾರವಾಡದವಳು, ಯಜಮಾನರು ಜಾವಾದವರು, ನಾವಿರುವುದು ಯೋಗ್ಯಕರ್ತ ಹತ್ತಿರದ ಬಾಂತುಲ್ ಕಡೆ ಹಳ್ಳಿಯಲ್ಲಿ. ಶೆಟ್ರು ಹೇಳಿದ ದಾರಿಯಲ್ಲಿ ಹೋದ ಒಂದು ಮನೆಯವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಸಾಲಪತ್ರ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು, ಅಣ್ಣ ತಂಗಿ ಮಾತು ಬಿಟ್ಟಿದ್ದರು. ಬೇಡ ತಮ್ಮಾ.

ಇನ್ನೊಂದು ವಿಷಯ. ಮಾವನ ಹೆಸರಲ್ಲಿ ಸರ್ಟಿಫಿಕೇಟ್ ಇದೆಯಾ, ಇಲ್ಲ ಬರೀ ಲೆಟರ್ ಸಿ ಇದೆಯಾ ನೋಡಿಕೊಳ್ಳಿ. ಲೆಟರ್ ಸಿ ಅಂದರೆ ಹಳ್ಳಿ ಕಚೇರಿಯ ಹಳೇ ಕಂದಾಯ ಪುಸ್ತಕದ ನಮೂದು. ಅದು ಒಡೆತನದ ದಾಖಲೆ ಅಲ್ಲ. 2017ರಿಂದ ಸರ್ಕಾರ ಹಳ್ಳಿ ಹಳ್ಳಿಗೆ ಬಂದು ಒಟ್ಟಿಗೇ ಅಳತೆ ಮಾಡಿ ಸರ್ಟಿಫಿಕೇಟ್ ಕೊಡುತ್ತಿದೆ. ಬಹಳ ಮನೆಗಳಿಗೆ ಆಗಿದೆ, ಎಲ್ಲರಿಗೂ ಆಗಿಲ್ಲ. ಅಜ್ಜನ ಹೆಸರಲ್ಲೇ ಉಳಿದಿದ್ದರೆ ಅಜ್ಜನ ಎಲ್ಲ ಮಕ್ಕಳು ಮೊಮ್ಮಕ್ಕಳ ಸಹಿ ಬೇಕಾಗುತ್ತದೆ. ಅದರಲ್ಲಿ ಒಬ್ಬರು ಸುಮಾತ್ರಾದಲ್ಲಿ ಇರುತ್ತಾರೆ, ಒಬ್ಬರು ಮುನಿಸಿಕೊಂಡಿರುತ್ತಾರೆ.

ಮಂಡ್ಯದ ಗೌಡ
ಅಕ್ಕಾ, ಅದು ಪೌತಿ ಖಾತೆ ಕಥೆಯೇ ಆಯ್ತಲ್ಲ. ಪಹಣಿ ಹಿಡ್ಕೊಂಡು ಜಮೀನು ನಂದು ಅನ್ನೋರು ಅಲ್ಲೂ ಇದಾರೆ ಅನ್ನಿ.

ತೀರ್ಥಹಳ್ಳಿಯವರೇ, ಗದ್ದೆ ಎಷ್ಟಿದೆ? ಯಾರು ಉಳ್ತಾರೆ? ನೀವು ಜಕಾರ್ತಾದಲ್ಲಿ ಕೂತ್ಕೊಂಡು ಭತ್ತ ಬೆಳೀತೀರಾ?

ತೀರ್ಥಹಳ್ಳಿ ಹುಡುಗ
ಎರಡು ಸಾವಿರ ಚದರ ಮೀಟರ್ ಇರಬಹುದು, ಅರ್ಧ ಎಕರೆ. ಈಗ ಪಕ್ಕದ ಮನೆಯವರು ಮಾಡುತ್ತಿದ್ದಾರೆ, ಬೆಳೆಯಲ್ಲಿ ಅರ್ಧ ಚಿಕ್ಕಪ್ಪನಿಗೆ. ನಾವೂ ಹಾಗೇ ಬಿಡುವುದು ಅಂದುಕೊಂಡಿದ್ದೆ.

ಕಾಗದಪತ್ರ
ಅಲ್ಲೊಂದು ಗಂಟು ಇದೆ. 1961ರ ನಿಯಮದ ಪ್ರಕಾರ ಕೃಷಿ ಜಮೀನಿನ ಮಾಲೀಕರು ಅದೇ ಕೆಚಾಮಾತನ್‌ನಲ್ಲಿ ವಾಸ ಇರಬೇಕು, ಹೆಚ್ಚೆಂದರೆ ಪಕ್ಕದ್ದರಲ್ಲಿ. ಕೆಚಾಮಾತನ್ ಅಂದರೆ ಸುಮಾರು ನಮ್ಮ ಹೋಬಳಿ. ದೂರದ ಊರಲ್ಲಿ ಕೂತು ಗದ್ದೆ ಇಟ್ಟುಕೊಳ್ಳುವ ಹಾಗಿಲ್ಲ. ನಿಮ್ಮ ಮನೆಯವರ ಗುರುತಿನ ಚೀಟಿ ಜಕಾರ್ತಾ ವಿಳಾಸದ್ದಾದರೆ ಹೆಸರು ಬದಲಾಯಿಸುವಾಗ ತಕರಾರು ಬರುತ್ತದೆ. ಇನ್ನು "ಮುಂದೆ ಮಣ್ಣು ತುಂಬಿಸಿ ಮನೆ ಕಟ್ಟೋಣ" ಅನ್ನುವ ಯೋಚನೆ ಇದ್ದರೆ ಅದನ್ನೂ ಬಿಡಿ. ನೀರಾವರಿ ಗದ್ದೆಗಳನ್ನು ಉಳಿಸಲು 2009ರಲ್ಲಿ ಕಾನೂನು ಬಂದಿದೆ, ಜಾವಾದಲ್ಲಿ ಗದ್ದೆಗಳ ನಕ್ಷೆಯನ್ನೇ ಗುರುತು ಮಾಡಿಟ್ಟಿದ್ದಾರೆ. ಕ್ಲಾತೆನ್ ಅಂದರೆ ದೆಲಾಂಗು ಅಕ್ಕಿಯ ನಾಡು. ಆ ಗದ್ದೆ ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿ ಇರುವ ಸಾಧ್ಯತೆಯೇ ಜಾಸ್ತಿ.

ಮಂಡ್ಯದ ಗೌಡ
ಒಳ್ಳೇ ಕಾನೂನು. ನಮ್ಮಲ್ಲೂ ಇದ್ದಿದ್ರೆ ಬೆಂಗಳೂರು–ಮೈಸೂರು ರಸ್ತೆ ಪಕ್ಕ ಗದ್ದೆ ಉಳೀತಿತ್ತು.

ಅರ್ಧ ಪಾಲಿಗೆ ಕೊಟ್ಟರೆ ಅರ್ಧ ಎಕರೆಯಲ್ಲಿ ನಿಮ್ಮ ಕೈಗೆ ಏನೂ ಬರಲ್ಲ. ಊಟದ ಅಕ್ಕಿ ಬರುತ್ತೆ, ಅಷ್ಟೇ. ಅಲ್ಲಿ ಇಲಿ ಕಾಟ ಹೇಗಿದೆ?

ಜಾವಾ ಸೊಸೆ
ಇಲಿ ಕಾಟ ಕೇಳಬೇಡಿ ಗೌಡ್ರೇ. ಕರೆಂಟ್ ತಂತಿ ಹಾಕಿ ರೈತರೇ ಸತ್ತ ಸುದ್ದಿ ಪ್ರತಿ ಬೆಳೆಯಲ್ಲೂ ಬರುತ್ತದೆ. ಕೆಲವು ಕಡೆ ಗೂಬೆ ಸಾಕುತ್ತಾರೆ. ದೆಮಾಕ್ ಜಿಲ್ಲೆಯ ತ್ಲೊಗೊವೆರು ಅನ್ನುವ ಹಳ್ಳಿ ಅದಕ್ಕೇ ಹೆಸರುವಾಸಿ. ಗದ್ದೆ ನಡುವೆ ಕಂಬ ನೆಟ್ಟು ಮೇಲೆ ಗೂಡು ಇಡುತ್ತಾರೆ, ಗೂಬೆ ಬಂದು ಸೇರಿಕೊಳ್ಳುತ್ತದೆ. ಅದನ್ನು ನೋಡಿ ಬೇರೆ ಜಿಲ್ಲೆಗಳಲ್ಲೂ ಮಾಡುತ್ತಿದ್ದಾರೆ.

ಮಂಡ್ಯದ ಗೌಡ
ಗೂಬೆ ಕಂಡ್ರೆ ನಮ್ಮ ಊರಲ್ಲಿ ಕಲ್ಲು ತಗೋತಾರೆ. ಹೇಳಿ ನೋಡ್ತೀನಿ.

ಸುಮ್ನೆ ಓದುಗ
ಗದ್ದೆ ಸಾಕು. ಹಳ್ಳಿ ಜೀವನದ ಬಗ್ಗೆ ಯಾರಾದರೂ ಹೇಳಿ. ಕೇಳಿದ್ದು ಅದನ್ನೂ ಅಲ್ವಾ?

ಜಾವಾ ಸೊಸೆ
ಸರಿ, ಉದ್ದ ಆಗುತ್ತದೆ, ಬೈಯಬೇಡಿ.

ಜಾವಾದ ಹಳ್ಳಿಯಲ್ಲಿ ನಿಮ್ಮ ವಿಳಾಸಕ್ಕಿಂತ ನಿಮ್ಮ ಎರ್‌ಟೆ ಮುಖ್ಯ. ಕೆಲವು ಹತ್ತಾರು ಮನೆಗಳ ಒಂದು ಗುಂಪು ಅದು. ಅದಕ್ಕೊಬ್ಬ ಮುಖ್ಯಸ್ಥ, ಪಾಕ್ ಎರ್‌ಟೆ. ನೆರೆಯವರೇ ಆರಿಸಿದ ಮನುಷ್ಯ. ಮದುವೆ ಕಾಗದ, ಸಾವಿನ ಕಾಗದದಂಥವಕ್ಕೆ ಸಾಮಾನ್ಯವಾಗಿ ಮೊದಲ ಸಹಿ ಅವರದು. ಮನೆಗೆ ನೆಂಟರು ಬಂದು ಉಳಿದರೆ 24 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಬೀದಿ ಬಾಯಲ್ಲಿ ಬೋರ್ಡೇ ಇರುತ್ತದೆ. ನನ್ನ ಅಪ್ಪ ಅಮ್ಮ ಧಾರವಾಡದಿಂದ ಬಂದಾಗ ಪಾಕ್ ಎರ್‌ಟೆ ಪಾಸ್‌ಪೋರ್ಟ್ ನಕಲು ತಗೊಂಡರು, ಸಂಜೆ ಹೆಂಡತಿ ಕೈಯಲ್ಲಿ ಬಾಳೆಹಣ್ಣು ಕಳಿಸಿದರು.

ರಾತ್ರಿ ರೋಂಡಾ, ಅಂದರೆ ಗಸ್ತು. ಮನೆಗೊಬ್ಬ ಗಂಡಸು, ವಾರಕ್ಕೊಂದು ಸರದಿ. ಮೂಲೆಯಲ್ಲಿ ಒಂದು ಪುಟ್ಟ ಗುಡಿಸಲು, ಅದರಲ್ಲಿ ತೂಗುಹಾಕಿದ ಮರದ ಕೆಂತೊಂಗನ್, ಹೊಡೆದರೆ ಇಡೀ ಕೇರಿಗೆ ಕೇಳಿಸುತ್ತದೆ. ಮನೆ ಮುಂದೆ ಒಂದು ಪುಟ್ಟ ಡಬ್ಬಿ ನೇತು ಹಾಕಿರುತ್ತೇವೆ. ಅದರಲ್ಲಿ ಒಂದು ಹಿಡಿ ಅಕ್ಕಿ, ಈಗೀಗ 500 ರೂಪಿಯಾ ನಾಣ್ಯ. ಗಸ್ತಿನವರು ಸಂಗ್ರಹಿಸುತ್ತಾರೆ. ಇದಕ್ಕೆ ಜಿಂಪಿತಾನ್ ಅನ್ನುತ್ತಾರೆ. ಆ ದುಡ್ಡಲ್ಲಿ ನಮ್ಮ ಕೇರಿಗೆ ಕುರ್ಚಿ, ಶಾಮಿಯಾನ, ಹೆಣ ತೊಳೆಯುವ ಮಂಚ ಎಲ್ಲ ಬಂದಿದೆ. 500 ರೂಪಿಯಾ ಅಂದರೆ ಮೂರು ರೂಪಾಯಿಯೂ ಅಲ್ಲ. ಆದರೆ ಡಬ್ಬಿ ಖಾಲಿ ಇದ್ದರೆ ಅದು ಮಾತಾಗುತ್ತದೆ.

ಯಾರ ಮನೆಯಲ್ಲಾದರೂ ಮದುವೆ ಇದ್ದರೆ ಹೆಂಗಸರು ಮೂರು ದಿನ ಮುಂಚೆಯೇ ಹೋಗಿ ಅಡುಗೆಗೆ ಕೂರಬೇಕು, ಸಾವಾದರೂ ಹೋಗಬೇಕು. ರೆವಾಂಗ್ ಅಂತಾರೆ. ನನಗೆ ಮೊದಮೊದಲು ಬರೀ ಬೆಳ್ಳುಳ್ಳಿ ಸುಲಿಯುವ ಕೆಲಸ ಕೊಡುತ್ತಿದ್ದರು. ಈಗ ತೆಂಪೆ (ಸೋಯಾ ಕಾಳು ಹುದುಗಿಸಿ ಮಾಡಿದ ಬಿಲ್ಲೆ) ಕರಿಯುವ ಬಾಣಲೆ ಮುಂದೆ ಬಡ್ತಿ ಸಿಕ್ಕಿದೆ.

ತೀರ್ಥಹಳ್ಳಿ ಹುಡುಗ
ಅಕ್ಕಾ, ನಾನು ಗಸ್ತಿಗೆ ಹೋಗದೆ ದುಡ್ಡು ಕೊಟ್ಟರೆ ನಡೆಯುತ್ತಾ?

ಜಾವಾ ಸೊಸೆ
ನಡೆಯುತ್ತದೆ, ದಂಡ ಅಂತ ಒಂದು ಮೊತ್ತ ಇರುತ್ತದೆ. ಕೊಟ್ಟರೆ ಯಾರೂ ಏನೂ ಅನ್ನುವುದಿಲ್ಲ. ಜಾವಾದವರು ಮುಖದ ಮೇಲೆ ಏನೂ ಅನ್ನುವುದಿಲ್ಲ, ಅದೇ ಕಷ್ಟ. ಹೋಗಿ. ಅಲ್ಲಿ ಕಾವಲಿಗಿಂತ ಹರಟೆ, ಕಾಫಿ, ಇಸ್ಪೀಟೇ ಜಾಸ್ತಿ. ಯಾರ ಗದ್ದೆ ಮಾರಾಟಕ್ಕಿದೆ, ಯಾರ ಗಡಿ ತಕರಾರಲ್ಲಿದೆ ಅನ್ನುವುದೂ ಅಲ್ಲೇ ಗೊತ್ತಾಗುವುದು. ನೋಟರಿಗಿಂತ ಮುಂಚೆ.

ಸುರಬಾಯ ಶೆಟ್ರು
ಲಕೋಟೆ ವಿಷಯ ಯಾಕೆ ಬಿಟ್ಟಿರಿ ಮೇಡಂ? ಮದುವೆ ತಿಂಗಳು ಬಂದರೆ ವಾರಕ್ಕೆ ನಾಲ್ಕು ಕರೆಯೋಲೆ. ಪ್ರತಿ ಲಕೋಟೆಗೆ 50 ಸಾವಿರ, ಒಂದು ಲಕ್ಷ ರೂಪಿಯಾ. ಮನೆಯವರು ಯಾರು ಎಷ್ಟು ಕೊಟ್ಟರು ಅಂತ ಪುಸ್ತಕದಲ್ಲಿ ಬರೆದಿಡುತ್ತಾರೆ. ನನ್ನ ಡ್ರೈವರ್ ಆ ತಿಂಗಳು ಮುಂಗಡ ಕೇಳದೆ ಇದ್ದದ್ದೇ ಇಲ್ಲ. ನಮ್ಮ ಕಡೆ ಮುಯ್ಯಿ ಅಂದ್ರೆ ಇದೇ ಅಲ್ವಾ.

ಜಾವಾ ಸೊಸೆ
ನಿಜ. ಸುರೊ, ಅಂದರೆ ಜಾವಾ ಪಂಚಾಂಗದ ಮೊದಲ ತಿಂಗಳಲ್ಲಿ ಮದುವೆ ಮಾಡುವುದಿಲ್ಲ, ಆ ತಿಂಗಳು ಎಲ್ಲರಿಗೂ ಉಸಿರು ಬರುತ್ತದೆ.

ಅಲೆಮಾರಿ
ಓಡಾಟದ ಬಗ್ಗೆ ನಾನು ಹೇಳುತ್ತೇನೆ. ಬೆಂಗಳೂರಿಂದ ಬರುವವರಿಗೆ ಕೌಲಾಲಂಪುರ ಅಥವಾ ಸಿಂಗಾಪುರದ ಮೇಲೆ ಯೋಗ್ಯಕರ್ತ. ಹೊಸ ವಿಮಾನ ನಿಲ್ದಾಣ ಇರುವುದು ಕುಲೊನ್ ಪ್ರೊಗೊ ಕಡೆ, ಸಮುದ್ರದ ಹತ್ತಿರ, ಊರಿಂದ ದೂರ. ಟ್ಯಾಕ್ಸಿ ಹಿಡಿಯಬೇಡಿ, ಒಳಗಿಂದಲೇ ರೈಲು ಇದೆ, ಯೋಗ್ಯಕರ್ತ ನಗರದ ತುಗು ನಿಲ್ದಾಣಕ್ಕೆ ಮುಕ್ಕಾಲು ಗಂಟೆಯೊಳಗೆ ಬಿಡುತ್ತದೆ. ಅಲ್ಲಿಂದ ಸೋಲೊ ಕಡೆಗೆ ವಿದ್ಯುತ್ ಲೋಕಲ್ ರೈಲು 2021ರಿಂದ ಓಡುತ್ತಿದೆ. ಟಿಕೆಟ್ 8,000 ರೂಪಿಯಾ, ಎಲ್ಲಿ ಇಳಿದರೂ ಅಷ್ಟೇ. ಕ್ಲಾತೆನ್ ಅದೇ ದಾರಿಯಲ್ಲಿ ಸಿಗುತ್ತದೆ.

ಕಷ್ಟ ಶುರುವಾಗುವುದು ನಿಲ್ದಾಣದಿಂದ ಹಳ್ಳಿಗೆ. ಮೊಬೈಲಲ್ಲಿ ಬುಕ್ ಮಾಡುವ ಬೈಕು ಹಳ್ಳಿಗೆ ಬಿಡಲು ಬರುತ್ತದೆ, ರಾತ್ರಿ ಹಳ್ಳಿಯಿಂದ ಕರೆದರೆ ಬರುವುದಿಲ್ಲ. ಬಸ್ಸು ಇದ್ದದ್ದೂ ನಿಂತಿದೆ. ಹಳ್ಳಿಯಲ್ಲಿ ಇರುವುದಾದರೆ ಸ್ಕೂಟರ್ ಬೇಕೇ ಬೇಕು. ಪೆಟ್ರೋಲ್ ಅಂಗಡಿ ಮುಂದೆ ಬಾಟಲಿಯಲ್ಲಿ ಸಿಗುತ್ತದೆ.

ಅಪ್ಪ ಅಮ್ಮನನ್ನು ಕರೆಸುವುದಾದರೆ ಭಾರತೀಯರಿಗೆ ಇಳಿದ ಮೇಲೆ ವೀಸಾ ಕೊಡುತ್ತಾರೆ. ಐದು ಲಕ್ಷ ರೂಪಿಯಾ, 30 ದಿನ, ಒಮ್ಮೆ ಇನ್ನೂ 30 ದಿನ ವಿಸ್ತರಿಸಬಹುದು.

ಯಕ್ಷಪ್ರಿಯ
ವಿಷಯ ಬಿಟ್ಟು ಕೇಳ್ತಿದ್ದೇನೆ, ಕ್ಷಮಿಸಿ. ಅಲ್ಲಿ ಹಳ್ಳಿಗಳಲ್ಲಿ ಈಗಲೂ ರಾತ್ರಿಯಿಡೀ ತೊಗಲುಗೊಂಬೆ ಮಹಾಭಾರತ ಆಡ್ತಾರಂತೆ, ಹೌದಾ?

ಜಾವಾ ಸೊಸೆ
ಹೌದು, ವಯಾಂಗ್. ಸುಗ್ಗಿ ಮುಗಿದ ಮೇಲೆ ಊರ ಹಬ್ಬಕ್ಕೆ ಖಂಡಿತ ಇರುತ್ತದೆ. ರಾತ್ರಿ ಒಂಬತ್ತಕ್ಕೆ ಶುರುವಾದರೆ ಬೆಳಗಿನ ಜಾವದವರೆಗೆ. ದಲಾಂಗ್ ಅನ್ನುವ ಒಬ್ಬನೇ ಕಲಾವಿದ ಎಲ್ಲ ಗೊಂಬೆ ಆಡಿಸುತ್ತಾನೆ, ಎಲ್ಲ ಪಾತ್ರಕ್ಕೂ ಅವನದೇ ದನಿ. ಜನ ಕಾಯುವುದು ನಡುರಾತ್ರಿಯ ಹಾಸ್ಯಕ್ಕೆ. ಸೆಮಾರ್ ಮತ್ತು ಅವನ ಮೂವರು ಮಕ್ಕಳು ಬಂದು ಊರ ಮುಖ್ಯಸ್ಥನಿಂದ ಹಿಡಿದು ಎಲ್ಲರ ಕಾಲೆಳೆಯುತ್ತಾರೆ. ಇನ್ನೊಂದು, ಅಲ್ಲಿನ ಕಥೆಯಲ್ಲಿ ದ್ರೌಪದಿ ಧರ್ಮರಾಯನೊಬ್ಬನ ಹೆಂಡತಿ.

ಯಕ್ಷಪ್ರಿಯ
ಏನು?! ಹಾಗಾದರೆ ಭೀಮ ಕೀಚಕನನ್ನು ಯಾಕೆ ಕೊಲ್ತಾನೆ?

ಸುಮ್ನೆ ಓದುಗ
ಅತ್ತಿಗೆ ಅಂತ. ಅದೂ ಕಾರಣವೇ.

ಮಂಡ್ಯದ ಗೌಡ
ಗದ್ದೆಯಿಂದ ಕೀಚಕನವರೆಗೆ ಬಂತು ಚರ್ಚೆ.

ಅಲೆಮಾರಿ
ಮನೆ ಬಗ್ಗೆ ಒಂದು ಮಾತು. ಹಳೇ ಮರದ ಮನೆ ಅಂದಿರಲ್ಲ, ಒಡೆಸಿ ಸಿಮೆಂಟಿನದು ಕಟ್ಟುವ ಯೋಚನೆ ಮಾಡಬೇಡಿ. 2006ರ ಮೇ 27ರ ಬೆಳಗ್ಗೆ ಭೂಕಂಪ ಆದಾಗ ಅತಿ ಹೆಚ್ಚು ಪೆಟ್ಟು ಬಿದ್ದದ್ದು ಬಾಂತುಲ್ ಮತ್ತು ಕ್ಲಾತೆನ್‌ಗೆ. 5,700ಕ್ಕೂ ಹೆಚ್ಚು ಜನ ಹೋದರು. ಕಬ್ಬಿಣ ಹಾಕದೆ ಕಟ್ಟಿದ ಇಟ್ಟಿಗೆ ಗೋಡೆಗಳೇ ಜನರ ಮೇಲೆ ಬಿದ್ದವು. ಮರದ ಚೌಕಟ್ಟಿನ ಮನೆ ಅಲುಗಾಡುತ್ತದೆ, ಸುಲಭಕ್ಕೆ ಬೀಳುವುದಿಲ್ಲ. ಊರು ಉತ್ತರಕ್ಕೆ, ಮೆರಾಪಿ ಬೆಟ್ಟದ ಬುಡದಲ್ಲಿ ಇದ್ದರೆ ಜ್ವಾಲಾಮುಖಿಯ ಅಪಾಯದ ನಕ್ಷೆಯನ್ನೂ ನೋಡಿ.

ಸುರಬಾಯ ಶೆಟ್ರು
ಮರದ ಮನೆಗೆ ಗೆದ್ದಲು ಹಿಡಿದರೆ? ಖರ್ಚು ಯಾರು ನೋಡ್ತಾರೆ? ಒಂದು ಕೋಣೆ ಆದ್ರೂ ಗಟ್ಟಿ ಕಟ್ಟಿಸಿ, ಎಸಿ ಹಾಕಿ.

ಜಾವಾ ಸೊಸೆ
ಹಳೇ ಮನೆಯ ಕಂಬ ಸಾಗುವಾನಿ ಆಗಿರುತ್ತದೆ, ಗೆದ್ದಲು ಅಷ್ಟು ಸುಲಭಕ್ಕೆ ಹಿಡಿಯುವುದಿಲ್ಲ. ಎಸಿ ಹಾಕುವ ಮುಂಚೆ ಮೀಟರ್ ನೋಡಿ. ಹಳ್ಳಿ ಮನೆಗಳಿಗೆ 450, 900 ವಾಟ್ ಲೆಕ್ಕದ ಸಂಪರ್ಕ ಇರುತ್ತದೆ, ಜಾಸ್ತಿ ಎಳೆದರೆ ಟಪ್ ಅಂತ ಬೀಳುತ್ತದೆ. ಮೊದಲೇ ದುಡ್ಡು ತುಂಬುವ ಮೀಟರ್ ಆದರೆ ಮುಗಿಯುತ್ತಾ ಬಂದಾಗ ಕಿರ್ ಅಂತ ಕೂಗುತ್ತದೆ. ನಿಮ್ಮ ಮನೆಯಲ್ಲಿ ಕರೆಂಟಿನ ದುಡ್ಡು ಮುಗಿದದ್ದು ಇಡೀ ಕೇರಿಗೆ ಗೊತ್ತಾಗುತ್ತದೆ.

ಸುಮ್ನೆ ಓದುಗ
ಸಸ್ಯಾಹಾರಿಗಳು ಬದುಕಬಹುದಾ?

ಜಾವಾ ಸೊಸೆ
ಮನೆಯಲ್ಲಿ ಆರಾಮ. ತೆಂಪೆ, ತೋಫು, ಹಲಸಿನಕಾಯಿ, ತೆಂಗಿನ ಹಾಲಿನ ತರಕಾರಿ, ಬಾಳೆ ಹೂವು ಎಲ್ಲ ಇದೆ. ಹೊರಗೆ ಕಷ್ಟ. ಚಟ್ನಿಯಲ್ಲಿ ತೆರಾಸಿ ಇರುತ್ತದೆ, ಅಂದರೆ ಸೀಗಡಿ ಹುದುಗಿಸಿ ಅರೆದದ್ದು. ಅದನ್ನು ಅವರು ಮಾಂಸ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ತೀರ್ಥಹಳ್ಳಿ ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಮನೆಯಲ್ಲಿ ಓದಿ ಹೇಳಿದೆ. ಭಾವಮೈದನ ಹೆಸರಲ್ಲಿ ಮಾಡುವುದಿಲ್ಲ, ಅದು ನಿಕ್ಕಿ. ಮಾವನ ಜಾಗಕ್ಕೆ ಸರ್ಟಿಫಿಕೇಟ್ ಇದೆ, ಚಿಕ್ಕಪ್ಪನ ಗದ್ದೆಗೆ ಬರೀ ಲೆಟರ್ ಸಿ. ಇವಳು ಹೇಳುವುದು, ಗದ್ದೆ ಕೊಳ್ಳುವ ಬದಲು ಎರಡು ಮೂರು ವರ್ಷದ ಬಾಡಿಗೆಗೆ ಹಿಡಿಯೋಣ, ಚಿಕ್ಕಪ್ಪನಿಗೆ ದುಡ್ಡು ಒಟ್ಟಿಗೇ ಸಿಗುತ್ತದೆ ಅಂತ. ಅಷ್ಟರೊಳಗೆ ಕರಾರು, ಗುರುತಿನ ಚೀಟಿ ವಿಳಾಸ ಎಲ್ಲ ಸರಿ ಮಾಡಿಕೊಳ್ಳಬಹುದು.

ಮಂಡ್ಯದ ಗೌಡ
ನಿಮ್ಮ ಮನೆಯವರು ಬುದ್ಧಿವಂತರು. ಗದ್ದೆ ಮಾಡ್ತಿರೋ ಪಕ್ಕದ ಮನೆಯವರನ್ನ ಮಾತ್ರ ಬಿಡಿಸಬೇಡಿ.

ಕಾಗದಪತ್ರ
ಬಾಡಿಗೆಯನ್ನೂ ಬಾಯಿಮಾತಲ್ಲಿ ಬಿಡಬೇಡಿ. ಕಾಗದ ಬರೆದು, ಹಳ್ಳಿ ಕಚೇರಿಯಲ್ಲಿ ಸಾಕ್ಷಿ ಹಾಕಿಸಿ. ಇನ್ನೊಂದು ವಿಷಯ ಯಾರೂ ಕೇಳಲಿಲ್ಲ. ಮನೆಯವರಿಗೆ ಏನಾದರೂ ಆದರೆ ಮನೆಯ ಒಂದು ಪಾಲು ನಿಮಗೆ ಬರುತ್ತದೆ. ನೀವು ಒಂದು ವರ್ಷದೊಳಗೆ ಅದನ್ನು ಬಿಟ್ಟುಕೊಡಬೇಕು, ಇಲ್ಲವಾದರೆ ಸರ್ಕಾರಕ್ಕೆ. ಮಕ್ಕಳು ಇಂಡೋನೇಷ್ಯಾ ಪ್ರಜೆಗಳಾಗಿದ್ದರೆ ಅವರ ಹೆಸರಿಗೆ ಮಾಡಬಹುದು.

ಸುರಬಾಯ ಶೆಟ್ರು
ಶುಭ ಮಾತಾಡಿ ಸ್ವಾಮಿ.

ತೀರ್ಥಹಳ್ಳಿ ಹುಡುಗ
ಬರುವ ರಂಜಾನ್ ಹಬ್ಬದ ರಜೆಗೆ ಹೋಗುತ್ತೇವೆ. ಆ ವಾರದಲ್ಲೇ ಪಾಲಿನ ಕೆಲಸ ಮುಗಿಸಬಹುದಾ?

ಜಾವಾ ಸೊಸೆ
ಕಚೇರಿ, ನೋಟರಿ ಎಲ್ಲ ಬಾಗಿಲು ಹಾಕಿರುತ್ತಾರೆ. ಆದರೆ ವಾರಸುದಾರರ ಕಾಗದಕ್ಕೆ ಸಹಿ ಹಾಕಿಸಲು ಅದಕ್ಕಿಂತ ಒಳ್ಳೇ ಸಮಯ ಇಲ್ಲ, ಅಣ್ಣತಮ್ಮಂದಿರೆಲ್ಲ ಊರಲ್ಲೇ ಇರುತ್ತಾರೆ. ಕಾಗದ ಮೊದಲೇ ಬರೆಸಿಟ್ಟುಕೊಳ್ಳಿ, ಸಹಿಗೆ ಹಚ್ಚುವ ಮೆತೆರಾಯ್ ಸ್ಟಾಂಪು 10,000 ರೂಪಿಯಾದ್ದು ಜಕಾರ್ತಾದಿಂದಲೇ ತನ್ನಿ, ಹಬ್ಬದಲ್ಲಿ ಅಂಚೆ ಕಚೇರಿಯೂ ಮುಚ್ಚಿರುತ್ತದೆ. ಹಬ್ಬದ ದಿನ ಕೇಳಬೇಡಿ, ಮೂರನೇ ದಿನ ಊಟ ಆದ ಮೇಲೆ ತೆಗೆಯಿರಿ. ರೈಲಿನ ಟಿಕೆಟ್ ಈಗಲೇ ನೋಡಿ.